ಬೇಕಲದ ಕಡಲತೀರ: ಕೊಟ್ಟ ಹಣಕ್ಕೆ ಸಿಗುವುದೇನು?

ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಹೊಳೆಯ ಸೇತುವೆಯನ್ನು ದಾಟಿ ತೆಂಕಲಿಗೆ ಸಾಗುವ ರಸ್ತೆಯು ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನುಗಳನ್ನು ಹಾದು ಬೇಕಲವನ್ನು ಸೇರುತ್ತದೆ. ದೂರ ಸುಮಾರು 16 ಕಿಲೋಮೀಟರ್. ಈ ದಾರಿಯ ಪಡುವಣ ಬದಿಯಲ್ಲಿ, ತೆಂಗಿನ ತೋಟಗಳ ಆಚೆ, ಹಿನ್ನೀರಿಗೂ ಕಡಲಿಗೂ ನಡುವೆ, ನಮ್ಮ ಜಿಲ್ಲೆಯ ಐಷಾರಾಮಿ ರೆಸಾರ್ಟ್‌ಗಳು ನೆಲೆಯೂರಿವೆ. ಮುಂಬಯಿಯಿಂದಲೋ ಗಲ್ಫ್ ನಾಡುಗಳಿಂದಲೋ ರಜೆಗೆ ಬರುವ ನಮ್ಮವರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಅಷ್ಟು ಹಣ ತೆತ್ತು ಅಲ್ಲಿ ತಂಗುವುದು ಸಾರ್ಥಕವೇ?

ಪ್ರಶ್ನೆ ಸಣ್ಣದಲ್ಲ. ಎರಡು ದಿನಗಳ ವಾಸಕ್ಕೆ ತೆರುವ ಮೊತ್ತವು ಇಲ್ಲಿನ ಅನೇಕ ಮನೆಗಳ ತಿಂಗಳ ಖರ್ಚನ್ನು ಮೀರುತ್ತದೆ. ಆದುದರಿಂದ ‘ಚೆನ್ನಾಗಿದೆ’, ‘ದುಬಾರಿ’ ಎಂಬ ಒಂದೊಂದು ಮಾತಿನಲ್ಲಿ ಇದನ್ನು ಮುಗಿಸುವುದು ತರವಲ್ಲ. ತೆರುವ ಹಣ ಯಾವುದರ ಬೆಲೆ, ಯಾವುದರ ಬೆಲೆಯಲ್ಲ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು.

ಈ ರೆಸಾರ್ಟ್‌ಗಳು ತಾವಾಗಿಯೇ ಹುಟ್ಟಿಕೊಂಡವುಗಳಲ್ಲ. 1992ರಲ್ಲಿ ಕೇಂದ್ರ ಸರಕಾರವು ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಕೇರಳ ಸರಕಾರವು ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಪಳ್ಳಿಕ್ಕೆರೆ, ಉದುಮ, ಚೆಮ್ನಾಡು, ಅಜಾನೂರು ಎಂಬ ನಾಲ್ಕು ಪಂಚಾಯತುಗಳ ವ್ಯಾಪ್ತಿಯಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ನಿವೇಶನಗಳನ್ನಾಗಿ ವಿಂಗಡಿಸಿ, ಹೋಟೆಲು ಉದ್ಯಮಗಳಿಗೆ ಗುತ್ತಿಗೆಗೆ ಕೊಡುವುದು ಅದರ ಯೋಜನೆಯಾಗಿತ್ತು. ತೆಂಕಣ ಕೇರಳದ ಕೋವಳಂನಲ್ಲಿ 1970ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಸರಕಾರಿ ವಿಹಾರಧಾಮವು ಗುಡ್ಡದ ಇಳಿಜಾರಿಗೆ ಒರಗಿಕೊಂಡಂತೆ ಎದ್ದಿತು. ಆದರೆ ಅದರ ಸುತ್ತಲಿನ ತೀರವು ಕಾಲಕ್ರಮದಲ್ಲಿ ಅಂಗಡಿ, ವಸತಿಗೃಹಗಳಿಂದ ಕಿಕ್ಕಿರಿಯಿತು. ಬೇಕಲದಲ್ಲಿ ಹಿಡಿದದ್ದು ಬೇರೆ ಹಾದಿ: ವಿಶಾಲ ನಿವೇಶನ, ತಗ್ಗು ಕಟ್ಟಡ, ಕಡಿಮೆ ಸಂಖ್ಯೆಯ ಅತಿಥಿಗಳು, ಹೆಚ್ಚಿನ ದರ. ಎಲ್ಲ ನಿವೇಶನಗಳಲ್ಲಿಯೂ ಕಟ್ಟಡಗಳು ಬೇಗನೆ ಏಳಲಿಲ್ಲ. ಕೆಲವು ವರ್ಷಗಟ್ಟಲೆ ಅರ್ಧದಲ್ಲಿಯೇ ನಿಂತುವು. ಬೇಕಲದ ಇಂದಿನ ದರವನ್ನು ಅರಿಯಲು ಈ ಹಿನ್ನೆಲೆ ನೆನಪಿನಲ್ಲಿರಬೇಕು. ಇಲ್ಲಿ ಜನಸಂದಣಿ ಇಲ್ಲದಿರುವುದು ಆಕಸ್ಮಿಕವಲ್ಲ. ದರದಲ್ಲಿ ಅದರ ಪಾಲೂ ಸೇರಿದೆ.

ಕಪ್ಪಿಲ್ ಕಡಲತೀರದ ತಾಜ್ ರೆಸಾರ್ಟ್ ಮತ್ತು ನೊಂಬಿಲಿ ಹೊಳೆಯ ದಡದ ಲಲಿತ್ ರೆಸಾರ್ಟ್ ಇವುಗಳಲ್ಲಿ ಹೆಚ್ಚು ಪರಿಚಿತವಾದವು. ತಾಜ್‌ನ ಕಟ್ಟಡಗಳಿಗೆ ಕೇರಳದ ಕೆಟ್ಟುವಳ್ಳಂ ಎಂಬ ಹಗ್ಗದಿಂದ ಬಿಗಿದ ದೋಣಿಯ ಬಾಗಿದ ಮಾಡು ಮಾದರಿಯಾಗಿದೆ. ಎರಡೂ ಕಡೆ ಹಿನ್ನೀರು, ತೋಟ, ಆಯುರ್ವೇದದ ಎಣ್ಣೆ ತಿಕ್ಕುವ ಉಪಚಾರ, ಈಜುಕೊಳ, ಕಡಲಿಗೆ ಮುಖಮಾಡಿದ ನಡೆದಾರಿಗಳಿವೆ. ಇಂಥ ಸ್ಥಳಗಳಲ್ಲಿ ಸೌಕರ್ಯದ ಕೊರತೆಯನ್ನು ಹುಡುಕುವುದು ವ್ಯರ್ಥ. ಹುಡುಕಬೇಕಾದದ್ದು ನಮ್ಮ ಅಗತ್ಯವನ್ನು.

ಇನ್ನು ಲೆಕ್ಕಕ್ಕೆ ಬರೋಣ. ಹೋಟೆಲು ಕೊಠಡಿಯ ದರವು ದಿನಕ್ಕೆ 7,500 ರೂಪಾಯಿಯನ್ನು ಮೀರಿದರೆ ಅದಕ್ಕೆ ಶೇಕಡಾ 18ರ ಜಿ.ಎಸ್.ಟಿ. ಸೇರುತ್ತದೆ. ಅದಕ್ಕಿಂತ ಕಡಿಮೆ ದರದ ಕೊಠಡಿಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಲಾಗಿದೆ. ಆದುದರಿಂದ 7,500 ರೂಪಾಯಿಯ ಕೊಠಡಿಗೆ ಒಟ್ಟು 7,875 ರೂಪಾಯಿ ತೆತ್ತರೆ, 7,600 ರೂಪಾಯಿಯ ಕೊಠಡಿಗೆ 8,968 ರೂಪಾಯಿ ತೆರಬೇಕಾಗುತ್ತದೆ. ದರದಲ್ಲಿ ನೂರು ರೂಪಾಯಿಯ ಅಂತರ, ಕೈಯಿಂದ ಹೋಗುವ ಹಣದಲ್ಲಿ ಸಾವಿರಕ್ಕೂ ಮಿಕ್ಕಿದ ಅಂತರ. ದೊಡ್ಡ ರೆಸಾರ್ಟ್‌ಗಳ ದರ ಈ ಗೆರೆಯ ಮೇಲೆಯೇ ಇರುವುದು ಸಾಮಾನ್ಯ. ಲೆಕ್ಕದ ಅನುಕೂಲಕ್ಕಾಗಿ ಒಂದು ಕೊಠಡಿಗೆ 15,000 ರೂಪಾಯಿ ಎಂದು ಇಟ್ಟುಕೊಂಡರೆ, ತೆರಿಗೆ ಸೇರಿ 17,700. ಎರಡು ರಾತ್ರಿಗೆ 35,400. ತಂದೆತಾಯಿಯರನ್ನೂ ಕರೆದೊಯ್ದು ಎರಡು ಕೊಠಡಿ ಹಿಡಿದರೆ 70,800. ಬೆಳಗಿನ ಉಪಾಹಾರ ದರದಲ್ಲಿಯೇ ಸೇರಿರಬಹುದು. ಮಧ್ಯಾಹ್ನದ ಹಾಗೂ ರಾತ್ರಿಯ ಊಟ, ಎಣ್ಣೆಯ ಉಪಚಾರ, ಬಾಡಿಗೆ ವಾಹನ ಇವೆಲ್ಲ ಪ್ರತ್ಯೇಕ. ಇಂಥ ಹೋಟೆಲುಗಳ ಊಟದ ಮೇಲೂ ಶೇಕಡಾ 18ರ ತೆರಿಗೆಯಿದೆ. ಸಾಮಾನ್ಯ ಹೋಟೆಲಿನಲ್ಲಿ ಅದು ಶೇಕಡಾ 5 ಮಾತ್ರ.

ಹೊತ್ತಿನ ಲೆಕ್ಕವೂ ಹಣದ ಲೆಕ್ಕದಷ್ಟೇ ಮುಖ್ಯ. ಅಪರಾಹ್ನ ಎರಡು ಗಂಟೆಯ ಸುಮಾರಿಗೆ ಕೊಠಡಿ ಕೈಗೆ ಸಿಗುತ್ತದೆ. ಮರುದಿನ ಮಧ್ಯಾಹ್ನದೊಳಗೆ ತೆರವು ಮಾಡಬೇಕು. ಒಂದೇ ರಾತ್ರಿ ತಂಗುವವನಿಗೆ ಒಂದು ಸಂಜೆ ಮತ್ತು ಅವಸರದ ಒಂದು ಬೆಳಗು ಮಾತ್ರ ದೊರೆಯುತ್ತದೆ. ಎರಡು ರಾತ್ರಿ ತಂಗಿದವನಿಗೆ ನಡುವೆ ಇಡಿಯ ಒಂದು ಹಗಲು ಉಳಿಯುತ್ತದೆ. ರೆಸಾರ್ಟ್ ವಾಸದ ತಿರುಳು ಆ ಹಗಲಿನಲ್ಲಿದೆ. ಹಣ ಉಳಿಸಲೆಂದು ಒಂದೇ ರಾತ್ರಿಗೆ ಮುಗಿಸುವುದು, ಸತ್ತ್ವವನ್ನು ಬಿಟ್ಟು ಸಿಪ್ಪೆಗೆ ಬೆಲೆ ಕೊಟ್ಟಂತೆ.

ದರವು ವರ್ಷವಿಡೀ ಒಂದೇ ಇರುವುದಿಲ್ಲ. ಇಂದು ಖಾಲಿ ಉಳಿದ ಕೊಠಡಿಯನ್ನು ನಾಳೆ ಎರಡು ಸಲ ಮಾರಲು ಬರುವುದಿಲ್ಲ. ಅದಕ್ಕಾಗಿಯೇ ಬೇಡಿಕೆಯಿದ್ದಾಗ ದರವನ್ನು ಏರಿಸುವುದು, ಇಲ್ಲದಾಗ ಇಳಿಸುವುದು ಈ ಉದ್ಯಮದ ಕ್ರಮ. ಡಿಸೆಂಬರ್ ಕೊನೆಯ ವಾರದಲ್ಲಿ ಏರಿದ ದರವು ಮಳೆಗಾಲದಲ್ಲಿ ಇಳಿಯುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್, ಜುಲೈ ತಿಂಗಳುಗಳ ಮಳೆ ಪ್ರವಾಸಿಗನಿಗೆ ತೊಡಕೆಂದು ಕಾಣಬಹುದು. ಆದರೆ ಮಾಡಿನಂಚಿನಿಂದ ನೀರಿಳಿಯುವಾಗ ಜಗಲಿಯಲ್ಲಿ ಕುಳಿತು ಕಡಲಿನ ಮೊರೆತವನ್ನು ಕೇಳುವ ಸುಖವನ್ನು ಬಲ್ಲವರಿಗೆ ಆ ತಿಂಗಳುಗಳೇ ಸೊಗಸು. ಆಗ ಕಡಲಿಗೆ ಇಳಿಯುವಂತಿಲ್ಲ, ಅಲೆಗಳು ಅಪಾಯಕರ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲ್ ಬಲೆಯ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಗೆಬಗೆಯ ತಾಜಾ ಮೀನನ್ನು ನೆಚ್ಚಿಕೊಂಡು ಬರುವವರೂ ಈ ಮಾತನ್ನು ಅರಿತಿರುವುದು ಒಳಿತು. ಈಜುವ, ಅಲೆಯುವ ಆಸೆಯಿರುವ ಮಕ್ಕಳ ಸಂಸಾರಕ್ಕೆ ಮಳೆಗಾಲದ ರಿಯಾಯಿತಿ ನಿಜವಾದ ಉಳಿತಾಯವಾಗದು.

ಇಲ್ಲಿ ಮುಖ್ಯವಾದ ಮಾತೊಂದನ್ನು ಹೇಳಬೇಕು. ರೆಸಾರ್ಟಿನ ದರದಲ್ಲಿ ಕಡಲಿನ ಬೆಲೆ ಸೇರಿಲ್ಲ. ನಮ್ಮ ದೇಶದಲ್ಲಿ ಕಡಲತೀರ ಯಾರೊಬ್ಬರ ಸ್ವತ್ತೂ ಅಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯು ಕಡಲತಡಿಯ ಎರಡು ಹೋಟೆಲುಗಳ ನಡುವೆ ಸಾರ್ವಜನಿಕರು ತೀರಕ್ಕೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಎಡೆ ಬಿಡಬೇಕೆಂದು ವಿಧಿಸಿತ್ತು. ಕಪ್ಪಿಲ್ ತೀರದಲ್ಲಿ ಹಾಗೂ ಅದರ ಪಕ್ಕದ ಕೋಡಿ ಗುಡ್ಡದ ನೆತ್ತಿಯಲ್ಲಿ ನಿಂತು ಸೂರ್ಯಾಸ್ತವನ್ನು ನೋಡಲು ಯಾರಿಗೂ ಚೀಟಿ ಬೇಡ. ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಾಲಯದ ಮುಂದೆಯೂ ಅದೇ ಕಡಲು. ಪಳ್ಳಿಕ್ಕೆರೆಯ ಬೀಚ್ ಪಾರ್ಕಿನಲ್ಲಿಯೂ ಅದೇ ಮರಳು. ಲಕ್ಷ ತೆತ್ತವನೂ ಬಸ್ಸಿನಿಂದ ಇಳಿದು ನಡೆದು ಬಂದವನೂ ನೋಡುವ ಸೂರ್ಯ ಒಬ್ಬನೇ.

ಕೋಟೆಯ ಮಾತೂ ಅದೇ. ಸುಮಾರು 40 ಎಕರೆಯಲ್ಲಿ ಹರಡಿ ಕೇರಳದ ಅತಿ ದೊಡ್ಡ ಕೋಟೆಯೆನಿಸಿದ ಬೇಕಲ ಕೋಟೆಯನ್ನು ನೋಡಲು ಪುರಾತತ್ತ್ವ ಇಲಾಖೆಯ 25 ರೂಪಾಯಿಯ ಚೀಟಿ ಸಾಕು. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕನು ಇದನ್ನು ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಚಂದ್ರಗಿರಿ ಮತ್ತು ಹೊಸದುರ್ಗದ ಕೋಟೆಗಳೂ ಅದೇ ಅರಸು ಮನೆತನದ ಕಾಲದವು. 1763ರಲ್ಲಿ ಕೆಳದಿ ಹೈದರಾಲಿಯ ವಶವಾಯಿತು; ಟಿಪ್ಪುವಿನ ಪತನದ ಅನಂತರ, 1799ರಲ್ಲಿ, ಈ ಸೀಮೆ ಇಂಗ್ಲಿಷರ ಆಳ್ವಿಕೆಗೆ ಸೇರಿತು. ಮುರಕಲ್ಲಿನ ಗೋಡೆ, ಬಾಗಿಲ ಬಳಿಯ ಮುಖ್ಯಪ್ರಾಣನ ಗುಡಿ, ಮೆಟ್ಟಿಲುಗಳ ಕೊಳ, ಓರೆಯಾಗಿ ಏರುವ ಹಾದಿಯ ವೀಕ್ಷಣಾ ಗೋಪುರ, ಕಡಲಿಗೆ ಚಾಚಿದ ಬುರುಜು — ಅರಮನೆಯ ಕುರುಹೇ ಇಲ್ಲದ, ಕಾವಲಿಗೆಂದೇ ಕಟ್ಟಿದ ದುರ್ಗವಿದು. 1995ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡೊಂದು ಇಲ್ಲಿಯೇ ಚಿತ್ರಿತವಾಗಿ ಈ ಬುರುಜು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಕನ್ನಡಿಗರಿಗೆ ಇದು ಬರಿಯ ಚಿತ್ರದ ಹಿನ್ನೆಲೆಯಲ್ಲ. ಕೋಟೆಗಳ ಕಾವಲಿಗೆ ಕೆಳದಿಯ ಅರಸರೊಂದಿಗೆ ಬಂದ ರಾಮಕ್ಷತ್ರಿಯ ಕುಲದವರು ಇಂದಿಗೂ ಬೇಕಲ, ಹೊಸದುರ್ಗಗಳಲ್ಲಿ ನೆಲೆಸಿದ್ದಾರೆ. ಊರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ ಬೇಕಲ ರಾಮನಾಯಕರು ಕನ್ನಡದಲ್ಲಿ ಚಾರಿತ್ರಿಕ ಕಥೆಗಳನ್ನು ಬರೆದರು.

ಕಡಲೂ ಕೋಟೆಯೂ ದರದಲ್ಲಿ ಸೇರಿಲ್ಲವೆಂದಾದರೆ, ಉಳಿದ ಸಾವಿರಗಳು ಯಾವುದಕ್ಕೆ? ಮೌನಕ್ಕೆ, ಶುಚಿತ್ವಕ್ಕೆ, ಕೇಳುವ ಮೊದಲೇ ಒದಗುವ ಉಪಚಾರಕ್ಕೆ, ಮತ್ತು ಯಾವ ಕೆಲಸವೂ ತನ್ನ ಪಾಲಿಗೆ ಇಲ್ಲದ ಎರಡು ದಿನಗಳಿಗೆ. ಇವು ಹುಸಿ ಸರಕುಗಳಲ್ಲ. ಮೂವತ್ತು ವರ್ಷ ಅಡುಗೆಮನೆಯ ಒಲೆಯ ಮುಂದೆ ನಿಂತ ಗೃಹಿಣಿಗೆ ಇನ್ನೊಬ್ಬರು ಬಡಿಸಿದ ಊಟವನ್ನು ನಿಧಾನವಾಗಿ ಉಣ್ಣುವುದು ಸಣ್ಣ ಸಂಗತಿಯಲ್ಲ. ದೀರ್ಘ ಕಾಯಿಲೆಯಿಂದ ಎದ್ದವರಿಗೆ, ಮೆಟ್ಟಿಲು ಹತ್ತಲಾರದ ಹಿರಿಯರಿಗೆ, ವರ್ಷವಿಡೀ ಮರಳುಗಾಡಿನ ಬಿಸಿಲಲ್ಲಿ ದುಡಿದು ಹದಿನೈದು ದಿನಗಳ ರಜೆಗೆ ಬಂದು, ಮನೆಯಲ್ಲಿ ಬಂದುಹೋಗುವವರ ನಡುವೆ ಮಡದಿಯೊಡನೆ ನಾಲ್ಕು ಮಾತಾಡಲೂ ಬಿಡುವು ಸಿಗದ ಮಗನಿಗೆ, ಆ ಎರಡು ದಿನಗಳು ದರಕ್ಕೆ ತಕ್ಕ ಬೆಲೆಯನ್ನು ಖಂಡಿತ ಹಿಂದಿರುಗಿಸುತ್ತವೆ.

ಊರನ್ನು ನೋಡಬೇಕೆಂಬ ಹಂಬಲದಿಂದ ಬಂದವನಿಗಾದರೋ ರೆಸಾರ್ಟ್ ಒಂದು ದುಬಾರಿ ತಡೆಗೋಡೆ. ಬೆಳಗ್ಗೆ ಅನಂತಪುರದ ಸರೋವರ ದೇವಾಲಯ, ಮಧ್ಯಾಹ್ನ ಚಂದ್ರಗಿರಿ ಕೋಟೆ, ಸಂಜೆ ಬೇಕಲ. ಮರುದಿನ ನೀಲೇಶ್ವರ, ವಲಿಯಪರಂಬದ ಹಿನ್ನೀರು ಅಥವಾ ರಾಣಿಪುರದ ಬೆಟ್ಟ — ಹೀಗೆ ತಿರುಗಾಡುವವನು ಕೊಠಡಿಯಲ್ಲಿ ಕಳೆಯುವುದು ನಿದ್ದೆಯ ಹೊತ್ತನ್ನು ಮಾತ್ರ. ಅದಕ್ಕೆ ಕಾಸರಗೋಡಿನ ಅಥವಾ ಕಾಞಂಗಾಡಿನ ಸಾಧಾರಣ ವಸತಿಗೃಹ ಸಾಕು. ಎರಡು ಪೇಟೆಗಳ ನಡುವೆ ಚಂದ್ರಗಿರಿ ಸೇತುವೆಯ ಹಾದಿಯಾಗಿ ಬಸ್ಸುಗಳು ಓಡಾಡುತ್ತವೆ. ತುಲಾ ಮಾಸದ ಬಳಿಕ ಮಳೆಗಾಲದವರೆಗೆ ಊರೂರಿನಲ್ಲಿ ನಡೆಯುವ ತೆಯ್ಯಂ ಕಟ್ಟುಗಳನ್ನು ನೋಡಲು ರಾತ್ರಿಯೇ ಹೊರಡಬೇಕು. ಹಣ ತೆತ್ತ ಹಾಸಿಗೆಯನ್ನು ಬಿಟ್ಟು ಹೊರಗೆ ಅಲೆಯುವಾಗ ಮನಸ್ಸು ಎರಡೂ ಕಡೆಯ ಸುಖವನ್ನು ಕಳೆದುಕೊಳ್ಳುತ್ತದೆ.

ನಮ್ಮ ಪಾಲಿಗೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಬೇಕಲದ ಯೋಜನೆಯಲ್ಲಿ ಈ ನಾಡು ಈಗಾಗಲೇ ಒಂದು ಬೆಲೆ ತೆತ್ತಿದೆ: ಭೂಮಿಯನ್ನು ಬಿಟ್ಟುಕೊಟ್ಟವರು ಇಲ್ಲಿಯವರು. ಪ್ರತಿಯಾಗಿ ದುಡಿಮೆ ದೊರೆಯಬೇಕು, ತೋಟದ ಎಳನೀರೂ ತರಕಾರಿಯೂ ಬಲೆಯ ಮೀನೂ ಆ ಅಡುಗೆಮನೆಗಳನ್ನು ಸೇರಬೇಕು. ಅತಿಥಿಯು ಕೇವಲ ‘ಹಿನ್ನೀರಿನ ಕೇರಳ’ವನ್ನು ಕಂಡು ತೆರಳದೆ, ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬರುವ ನಾಡಿಗೆ ಬಂದಿದ್ದೆನೆಂದು ಅರಿತು ಹೋಗಬೇಕು. ಅದನ್ನು ಹೇಳುವ ಹೊಣೆ ಹೋಟೆಲಿನವರದ್ದಷ್ಟೇ ಅಲ್ಲ. ಅಲ್ಲಿ ತಂಗುವ ನಮ್ಮವರು ಸಿಬ್ಬಂದಿಯೊಡನೆ ಕನ್ನಡದಲ್ಲಿಯೂ ಮಾತು ತೆಗೆಯಬಹುದು. ಕೋಟೆಯನ್ನು ಕಟ್ಟಿಸಿದವನಾರೆಂದು ಮಕ್ಕಳಿಗೆ ಹೇಳಬಹುದು. ಅಂಥ ಹೆಬ್ಬಾಗಿಲು ನಮ್ಮಂಥವರಿಗಲ್ಲವೆಂಬ ಅಳುಕೂ ಬೇಡ. ಒಳಗೆ ಹೋಗದಿದ್ದರೆ ಏನೋ ಕಳೆದುಕೊಂಡೆವೆಂಬ ಕೊರಗೂ ಬೇಡ.

ಆದುದರಿಂದ ಕೇಳುವವರಿಗೆ ನಮ್ಮ ಉತ್ತರವಿಷ್ಟೇ. ವಿಶ್ರಾಂತಿಯೇ ಗುರಿಯಾಗಿದ್ದರೆ, ಸಾಲವಿಲ್ಲದೆ ಹಣ ಹೊಂದುವುದಾದರೆ, ವರ್ಷಾಂತ್ಯದ ನೂಕುನುಗ್ಗಲನ್ನು ತಪ್ಪಿಸಿ, ಎರಡು ರಾತ್ರಿಗೆ ಕಡಿಮೆಯಿಲ್ಲದಂತೆ ಹೋಗಿ. ತೆರಿಗೆ ಸೇರಿದ ಮೊತ್ತವನ್ನೂ ಊಟದ ಕ್ರಮವನ್ನೂ ಮುಂಚಿತವಾಗಿ ಬರೆಹದಲ್ಲಿ ಪಡೆದುಕೊಳ್ಳಿ. ಬೇಕಲವನ್ನು ಕಾಣುವುದೇ ಗುರಿಯಾಗಿದ್ದರೆ ಆ ಹಣವನ್ನು ಉಳಿಸಿ. ಮನೆಮಂದಿಯನ್ನೆಲ್ಲ ಕರೆದುಕೊಂಡು, ಬಿಸಿಲು ಇಳಿದ ಮೇಲೆ ಕೋಟೆಯ ಪಡುವಣ ಬುರುಜನ್ನು ಏರಿ. ಚೀಟಿಗೆ ತಲೆಗೆ 25 ರೂಪಾಯಿ.