ಸಾತಾರಾ ಘಟ್ಟದಲ್ಲಿ ಇಪ್ಪತ್ತೊಂದು ಕಿಲೋಮೀಟರು

ಜತ್ತ ಸೀಮೆಯವರಾದ ನಮಗೆ ರಸ್ತೆಯೆಂದರೆ ಕಣ್ಣು ಹಾಯಿಸಿದಷ್ಟು ದೂರ ನೆಟ್ಟಗೆ ಕಾಣುವ ರಸ್ತೆ. ಇಕ್ಕೆಲದಲ್ಲಿ ಜಾಲಿಯ ಮರ, ಜೋಳದ ಹೊಲ, ದಾಳಿಂಬೆಯ ತೋಟ. ಆ ಮೇಲೆ ಮತ್ತೆ ಜಾಲಿಯ ಮರ. ಇಂಥ ಬಯಲು ನೆಲದ ನಾವು ನಾಲ್ವರು ಸಾತಾರಾದ ಘಟ್ಟವನ್ನು ಓಡಿ ಏರಿ ಓಡಿ ಇಳಿಯಲು ಹೊರಟಿದ್ದೇವೆಂದಾಗ ಊರಿನಲ್ಲಿ ನಗದವರೇ ವಿರಳ. ನಮ್ಮಲ್ಲಿ ಇಬ್ಬರು ಶಾಲೆಯ ಮಾಸ್ತರರು, ಒಬ್ಬರು ಬಟ್ಟೆಯ ಅಂಗಡಿಯವರು, ಇನ್ನೊಬ್ಬರು ದಾಳಿಂಬೆ ಬೆಳೆಯುವ ಗೌಡರು. ಎಲ್ಲರೂ ನಲವತ್ತೈದು ದಾಟಿದವರೇ.

ಸಾತಾರಾದ ಬೆಟ್ಟದ ಅರ್ಧ ಮ್ಯಾರಥಾನ್ 2012ರಲ್ಲಿ ಆರಂಭವಾಯಿತು. ಪೂರ್ಣ ಮ್ಯಾರಥಾನಿನ ದೂರ 42.195 ಕಿ.ಮೀ.; ಅದರ ಸರಿಯರ್ಧವೆಂದರೆ 21 ಕಿ.ಮೀ., ಮೇಲೆ ತೊಂಬತ್ತೇಳೂವರೆ ಮೀಟರು. 2015ರಲ್ಲಿ 2,618 ಮಂದಿ ಇಲ್ಲಿ ಓಡಿ, ಬೆಟ್ಟದ ಓಟದಲ್ಲಿ ಅತಿ ಹೆಚ್ಚು ಜನರು ಪಾಲ್ಗೊಂಡ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದರು. ಸಾಮಾನ್ಯವಾಗಿ ಸೆಪ್ಟೆಂಬರಿನ ಒಂದು ರವಿವಾರ ಬೆಳಿಗ್ಗೆ ಈ ಓಟ ನಡೆಯುತ್ತದೆ. ಮಳೆಗಾಲವಿನ್ನೂ ಮುಗಿದಿರುವುದಿಲ್ಲ; ಘಟ್ಟವೆಲ್ಲ ಹಸುರು, ಮಂಜು.

ಹೆಸರು ನೋಂದಾಯಿಸಿದ ದಿನದಿಂದಲೇ ನಮ್ಮ ಬೇಕುಗಳ ಪಟ್ಟಿ ಬೆಳೆಯತೊಡಗಿತು. ಉಪಗ್ರಹದ ನೆರವಿನಿಂದ ದೂರವನ್ನು ಅಳೆಯುವ ಕೈಗಡಿಯಾರ, ಬೇಗ ಆರುವ ಅಂಗಿ, ಮೀನಖಂಡವನ್ನು ಬಿಗಿಹಿಡಿಯುವ ಚೀಲ, ನೀರಿನ ಶೀಸೆಗಳನ್ನು ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ, ತಂಪು ಕನ್ನಡಕ, ಅಟ್ಟೆಯೊಳಗೆ ಕಾರ್ಬನ್ ತಗಡು ಇಟ್ಟ ಬೂಟು. ನಾಲ್ವರ ಪಟ್ಟಿಯನ್ನೂ ಕೂಡಿಸಿದರೆ ಹಾಲು ಹಿಂಡುವ ಎಮ್ಮೆಯೊಂದು ಬರುವಷ್ಟು ಹಣ. ಒಬ್ಬ ಮಾಸ್ತರರ ಮನೆಯವರು ಅದನ್ನು ಓದಿ, “ಓಡೂದು ಕಾಲೋ, ಸಾಮಾನೋ?” ಎಂದು ಕೇಳಿ ಒಳಗೆ ಹೋದರು.

ಗೌಡರ ಪಟ್ಟಿಯಲ್ಲಿ ಮಾತ್ರ ಇದ್ದುದು ಎರಡೇ: ಬೂಟು, ಕಾಲುಚೀಲ. ಅವರ ತಂದೆ ಸಕ್ಕರೆ ಕಾಯಿಲೆಯಿಂದ ಎರಡು ಕಾಲ್ಬೆರಳು ಕಳೆದುಕೊಂಡವರು. ಎಲ್ಲಕ್ಕೂ ಮೊದಲಾದುದು ಚಪ್ಪಲಿ ಕಚ್ಚಿದ ಒಂದು ಬೊಕ್ಕೆ. ಗೌಡರಿಗೂ ಏಳು ವರ್ಷದಿಂದ ಅದೇ ಕಾಯಿಲೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ ತಿಳಿಯದು, ತಿಳಿಯದ ಗಾಯ ಮಾಯದು. “ನೋವಾದ್ರ ಛಲೋನ ರೀ ಮಾಸ್ತರ. ನೋವಾಗೂದಿಲ್ಲಲ್ಲ, ಅದ ನನಗ ಅಂಜಿಕಿ” ಎಂದಿದ್ದರು ಅವರು. ವೈದ್ಯರು ಪಾದವನ್ನು ಪರೀಕ್ಷಿಸಿ, ಬಲಗಾಲಿನ ಬೆರಳ ತುದಿಗಳಲ್ಲಿ ಸ್ಪರ್ಶ ಕೊಂಚ ಕುಂದಿದೆಯೆಂದು ಹೇಳಿ, ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದರು. ಬೂಟು ಸರಿಯಾಗಿರಬೇಕು, ಏಳು ಕಿಲೋಮೀಟರಿಗೊಮ್ಮೆ ಅದನ್ನು ಬಿಚ್ಚಿ ಅಂಗಾಲು ನೋಡಿಕೊಳ್ಳಬೇಕು, ಗಾಯ ಕಂಡರೆ ಓಟ ಅಲ್ಲಿಗೇ ನಿಲ್ಲಬೇಕು.

ಅಂಗಡಿಯವರು ವಾದಕ್ಕಿಳಿದರು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆಲ್ಲಲಿಲ್ಲವೇ? ಬರಿಗಾಲ ಓಟಕ್ಕೆ ಹೆಸರಾದ ನಮ್ಮ ಶಿವನಾಥ ಸಿಂಗರು 1978ರಲ್ಲಿ ಜಲಂಧರದ ಮ್ಯಾರಥಾನನ್ನು 2 ಗಂಟೆ 12 ನಿಮಿಷದಲ್ಲಿ ಮುಗಿಸಲಿಲ್ಲವೇ? ಅಷ್ಟು ದೂರವೇಕೆ, ಗಂಡನ ಚಿಕಿತ್ಸೆಯ ಹಣಕ್ಕಾಗಿ ಬಾರಾಮತಿಯಲ್ಲಿ ಕಚ್ಚೆಸೀರೆಯುಟ್ಟು ಬರಿಗಾಲಿನಲ್ಲಿ ಓಡಿ ಗೆದ್ದ ಲತಾ ಭಗವಾನ್ ಕರೆ ಅವರ ಕಥೆ 2020ರಲ್ಲಿ ಮರಾಠಿ ಚಿತ್ರವಾಗಿ ತೆರೆಗೆ ಬಂದಿಲ್ಲವೇ? ಎಲ್ಲವೂ ನಿಜವೇ. ಆದರೆ ಬಿಕಿಲ 1964ರಲ್ಲಿ ಟೋಕಿಯೊದಲ್ಲಿ ಬೂಟು ತೊಟ್ಟೂ ಗೆದ್ದನೆಂಬುದೂ ಅಷ್ಟೇ ನಿಜ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ನಮ್ಮ ಹಿರಿಯರ ಅಂಗಾಲು ವರ್ಷಗಟ್ಟಲೆ ನೆಲದೊಡನೆ ಪಳಗಿದ್ದು. ಒಬ್ಬರ ಪಾದದ ನ್ಯಾಯ ಇನ್ನೊಬ್ಬರ ಪಾದಕ್ಕೆ ಸಲ್ಲದು.

ಕಡೆಗೆ ನಾಲ್ವರೂ ಸಾಂಗ್ಲಿಗೆ ಹೋಗಿ ಬೂಟು ಕೊಂಡೆವು. ದಿನದ ದುಡಿತದಿಂದ ಪಾದ ತುಸು ಊದಿಕೊಳ್ಳುವುದರಿಂದ ಸಂಜೆಯ ಹೊತ್ತೇ ಅಳತೆಗೆ ಸರಿಯಾದುದು. ತೊಟ್ಟು ನಿಂತಾಗ ಬೆರಳಿನ ಮುಂದೆ ಒಂದು ಹೆಬ್ಬೆರಳಗಲದ ಜಾಗವಿರಬೇಕು. ನೂಲಿನ ಕಾಲುಚೀಲ ಬೆವರನ್ನು ಹಿಡಿದಿಟ್ಟು ಬೊಕ್ಕೆ ಎಬ್ಬಿಸುವುದರಿಂದ ಬೇಗ ಆರುವ ಕೃತಕ ನೂಲಿನದನ್ನೇ ಆರಿಸಿದೆವು. ಹೊಸ ಬೂಟಿನಲ್ಲಿ ಓಟಕ್ಕೆ ನಿಲ್ಲಬಾರದಾದ್ದರಿಂದ ಎರಡು ತಿಂಗಳು ಬೆಳಗಿನ ಜಾವ ಅದನ್ನೇ ತೊಟ್ಟು ಓಡಿ ಪಳಗಿಸಿದೆವು. ಗಡಿಯಾರ, ಕನ್ನಡಕಗಳ ಮಾತು ಬೂಟಿನ ಬೆಲೆ ಕೊಟ್ಟ ಮೇಲೆ ತಾನಾಗಿಯೇ ನಿಂತಿತು.

ಓಟದ ಹಿಂದಿನ ದಿನ ಎಸ್.ಟಿ. ಬಸ್ಸು ಹಿಡಿದು ಮಿರಜ, ಕರಾಡಗಳ ಮೇಲೆ ಸಾತಾರಾ ಸೇರಿದೆವು. ಶಾಹು ಮಹಾರಾಜರ ರಾಜಧಾನಿಯಾಗಿದ್ದ ಈ ಊರು ಅಜಿಂಕ್ಯತಾರಾ ಕೋಟೆಯ ಬುಡಕ್ಕೆ ಒರಗಿಕೊಂಡಿದೆ. ಬೀದಿಯಲ್ಲಿ ಕಂದಿ ಪೇಢೆಯ ಸುವಾಸನೆ ಹರಡಿತ್ತು. ಗೌಡರು ಆ ಕಡೆ ನೋಡದೆ ನಡೆದರು.

ಮರುದಿನ ಬೆಳಿಗ್ಗೆ ತುಂತುರು ಮಳೆ. ಸಾವಿರಾರು ಜನರ ನಡುವೆ ಎದೆಗೆ ಸಂಖ್ಯೆಯ ಪಟ್ಟಿ ಸಿಕ್ಕಿಸಿಕೊಂಡು ನಿಂತೆವು. ಹೊತ್ತನ್ನು ಅಳೆಯುವ ಚಿಪ್ಪು ಆ ಪಟ್ಟಿಯಲ್ಲೇ ಇದ್ದುದರಿಂದ ಕೈಗಡಿಯಾರವಿಲ್ಲದ ಕೊರತೆ ಕಾಣಲಿಲ್ಲ. ಊರೊಳಗಿನ ರಸ್ತೆಯಲ್ಲಿ ಮನೆಮನೆಯ ಕಟ್ಟೆಯ ಮೇಲೂ ಜನ. ಮಕ್ಕಳು ಅಂಗೈ ಚಾಚಿ ನಮ್ಮ ಅಂಗೈಗೆ ತಟ್ಟಿಸಿಕೊಳ್ಳುತ್ತಿದ್ದರು. ಸಮರ್ಥ ಮಂದಿರವನ್ನು ದಾಟಿ, ಜನ ಬೋಗದಾ ಎಂದು ಕರೆಯುವ ಸುರಂಗದ ಕಡೆಯಿಂದ ಯವತೇಶ್ವರದ ಏರು ಮೊದಲಾದೊಡನೆ ಮಾತು ನಿಂತಿತು. ಅಲ್ಲಿಂದ ಮುಂದೆ ಕೇಳುವುದು ಉಸಿರು, ಬೂಟಿನ ಸಪ್ಪಳ, ಬಂಡೆಯಿಂದ ಇಳಿಯುವ ನೀರಿನ ಸದ್ದು. ಹೆಜ್ಜೆಯನ್ನು ಚಿಕ್ಕದಾಗಿಸಿ, ಓಡಲಾಗದಲ್ಲಿ ನಡೆದು, ತಿರುವು ತಿರುವಾಗಿ ಏರಿದೆವು. ಕೆಳಗೆ ಸಾತಾರಾ ಮಂಜಿನಲ್ಲಿ ಮುಳುಗಿತ್ತು. ಏಳನೆಯ ಕಿಲೋಮೀಟರಿನಲ್ಲಿ ಗೌಡರು ಬೂಟು ಬಿಚ್ಚಿ ನೋಡಿದರು, ಪಾದ ನೆಟ್ಟಗಿತ್ತು.

ಇದೇ ರಸ್ತೆ ಮುಂದೆ ಕಾಸ್ ಪ್ರಸ್ಥಭೂಮಿಗೆ ಹೋಗುತ್ತದೆ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಅದೂ ಒಂದು. ಓಟ ಅಷ್ಟು ದೂರ ಹೋಗದೆ ಅರ್ಧದಲ್ಲೇ ಹಿಂದಿರುಗುತ್ತದೆ; ಆದರೂ ದಾರಿಯ ಬದಿಯ ಹುಲ್ಲಿನಲ್ಲಿ ನೀಲಿ, ಹಳದಿ ಹೂಗಳು ಅದರ ಸುಳಿವು ಕೊಡುತ್ತಿದ್ದವು. ತಿರುವಿನ ಬಳಿ ಬಾಳೆಹಣ್ಣು, ಉಪ್ಪು, ನೀರು ಕೊಟ್ಟರು. ನಮ್ಮ ಮಾತು ಕೇಳಿ ಯಾರೋ ಹಿಂದಿನಿಂದ “ಯಾವೂರ್ರಿ ನಿಮ್ಮದು?” ಎಂದರು. ನೋಡಿದರೆ ಬೆಳಗಾವಿಯವರು. ಆ ಎರಡು ಶಬ್ದದಿಂದ ಒಂದು ಕಿಲೋಮೀಟರು ಹಗುರವಾಯಿತು.

ಇಳಿತ ಸುಲಭವೆಂದು ತಿಳಿಯುವುದು ಬಯಲುಸೀಮೆಯವರ ಎಣಿಕೆ. ಇಳಿಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಕಾಲ್ಬೆರಳು ಬೂಟಿನ ಮೂತಿಗೆ ಗುದ್ದುತ್ತದೆ. ಹಾಗಾಗದಂತೆ ಲೇಸನ್ನು ಹರಡಿನ ಬಳಿ ಬಿಗಿದುಕೊಂಡೆವು. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಗೌಡರು ಮೋಟುಗೋಡೆಯ ಮೇಲೆ ಕುಳಿತು ಮತ್ತೆ ಬಿಚ್ಚಿದರು. ಬಲಗಾಲಿನ ಬೂಟನ್ನು ಬೋರಲು ಮಾಡಿದಾಗ ಹೆಸರುಕಾಳಿನಷ್ಟು ದಪ್ಪದ ಒಂದು ಹರಳು ಉದುರಿತು. ಕಿರುಬೆರಳ ಕೆಳಗೆ ಚರ್ಮ ಕೆಂಪಾಗಿತ್ತು. ಅದು ಯಾವಾಗ ಒಳಹೊಕ್ಕಿತೋ ಅವರಿಗೆ ತಿಳಿದಿರಲಿಲ್ಲ. ನಾವು ಯಾರೂ ಮಾತಾಡಲಿಲ್ಲ. ಅವರು ಬಹಳ ಹೊತ್ತು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಚರ್ಮ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ ಒಣ ಕಾಲುಚೀಲ ತೊಟ್ಟು ಎದ್ದರು. ಮುಂದಿನ ದಾರಿಯನ್ನು ನಾಲ್ವರೂ ಜೊತೆಯಾಗಿಯೇ ಸವೆಸಿದೆವು. ಮುಗಿಸುವಾಗ ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ. ಪದಕವನ್ನು ಕೊರಳಿಗೆ ಹಾಕಿದೊಡನೆ ಗೌಡರು ಮಾಡಿದ ಮೊದಲ ಕೆಲಸ ಬೂಟು ಬಿಚ್ಚಿದುದು. ಕೆಂಪು ಇಳಿದಿತ್ತು, ಪಾದ ಅಖಂಡವಾಗಿತ್ತು.

ನಮ್ಮ ಸೀಮೆಯ ವಾಚಕರಲ್ಲಿ ಯಾರಾದರೂ ಈ ಘಟ್ಟಕ್ಕೆ ಹೊರಡುವುದಾದರೆ ಪಟ್ಟಿಯನ್ನು ಬರೆಯಿರಿ. ಬೇಕುಗಳು ಮನುಷ್ಯನಿಗೆ ಸಹಜ. ಬರೆದ ಮೇಲೆ ಬೂಟು, ಕಾಲುಚೀಲ, ಒಂದು ಜೊತೆ ಹೆಚ್ಚಿನ ಕಾಲುಚೀಲ, ತೊಡೆಸಂದಿಗೆ ಹಚ್ಚಲು ತುಸು ವ್ಯಾಸಲೀನು, ಮಳೆಗೊಂದು ಟೋಪಿ — ಇಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಮುಂದಿನ ವರ್ಷಕ್ಕೆ ಇಡಬಹುದು. ಓಡದವರಿಗೂ ಒಂದು ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಂದೆತಾಯಿಗಳಿದ್ದರೆ ರಾತ್ರಿ ಮಲಗುವ ಮುನ್ನ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿರಿ. ಅದಕ್ಕೆ ಹಣ ಬೇಡ, ಘಟ್ಟ ಬೇಡ. ಎರಡು ನಿಮಿಷ ಸಾಕು.