ಮಂದಣ್ಣ ಇರುವ ಊರಿನಲ್ಲಿ

ನಮ್ಮ ಕನ್ನಡ ಸಂಘದ ಸಭೆಗಳು ಸಾಮಾನ್ಯವಾಗಿ ಎರಡು ಕಾರಣಕ್ಕೆ ಮುರಿದುಬೀಳುತ್ತವೆ. ಒಂದು, ಚಹಾದ ದುಡ್ಡು ಯಾರು ಕೊಡಬೇಕು ಎಂಬುದು. ಇನ್ನೊಂದು, ಸಾಹಿತ್ಯ. ಹೋದ ತಿಂಗಳ ಸಭೆ ಎರಡನೆಯ ಕಾರಣಕ್ಕೆ ಮುರಿಯಿತಾದ್ದರಿಂದ ಅದರ ವಿಷಯ ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ.

ಯಾರೋ ಒಂದು ಪ್ರಶ್ನೆ ಎತ್ತಿದರು. ಕತೆ ಕಾದಂಬರಿಗಳ ಲೋಕಗಳಲ್ಲಿ ಯಾವುದಾದರೊಂದಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಅಲ್ಲೇ ಇದ್ದುಬಿಡಬಹುದು ಅಂದರೆ ಎಲ್ಲಿಗೆ ಹೋಗುತ್ತೀರಿ? ಸೆಂಟ್ರಲ್ ಲೈನಿನಲ್ಲಿ ದಿನಾ ಎರಡು ಗಂಟೆ ಒಂಟಿಕಾಲಲ್ಲಿ ನಿಂತು ಬರುವ ನಮ್ಮಂಥವರಿಗೆ ಇಂಥ ಪ್ರಶ್ನೆ ಕೇಳುವುದೇ ತಪ್ಪು. ಎಲ್ಲಿಗಾದರೂ ಸರಿ, ಕೂತುಕೊಳ್ಳಲು ಜಾಗ ಇದ್ದರೆ ಸಾಕು ಅನ್ನುತ್ತೇವೆ.

ಅರ್ಧ ಸಭೆ ಮಾಲ್ಗುಡಿಗೆ ಹೊರಟಿತು. ಅವರಲ್ಲಿ ಮುಕ್ಕಾಲು ಜನ ಆರ್. ಕೆ. ನಾರಾಯಣರ ಪುಸ್ತಕ ಓದಿದವರಲ್ಲ, ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿ ನೋಡಿದವರು ಎಂಬುದು ಅವರು ಹೇಳಿದ ಊರಿನ ವರ್ಣನೆಯಿಂದಲೇ ಗೊತ್ತಾಗುತ್ತಿತ್ತು. 1935ರಲ್ಲಿ ಹುಟ್ಟಿದ ಆ ಊರು ಇಂದಿಗೂ ಎಲ್ಲರಿಗೂ ಬೇಕು. ಸರಿಯೇ. ಆದರೆ ಅಲ್ಲಿ ಆಲದ ಮರದ ಕೆಳಗೆ ಮಾರ್ಗಯ್ಯನೆಂಬುವನು ಪೆಟ್ಟಿಗೆ ಇಟ್ಟುಕೊಂಡು ಸಾಲದ ಉಪಾಯ ಹೇಳುತ್ತ ಕೂತಿರುತ್ತಾನೆ ಎಂಬುದನ್ನು ಯಾರೂ ನೆನೆಯಲಿಲ್ಲ. ನಮ್ಮ ಸಂಘದ ಖಜಾಂಚಿಯ ಕೈಲಿರುವ ಹಣವನ್ನು ಅವನು ಎರಡೇ ದಿನದಲ್ಲಿ ಕರಗಿಸಿಯಾನು.

ಆಮೇಲೆ ಒಬ್ಬಾಕೆ ಎದ್ದು, ತಾನು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಮಲೆನಾಡಿಗೆ ಹೋಗುವುದಾಗಿ ಹೇಳಿದಳು. ಆ ಮಳೆ, ಆ ಕಾಡು, ಆ ಮಂಜು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಯಾರಾಗಿ ಹೋಗ್ತೀ? ಹೆಗ್ಗಡೆ ಮನೆಗೋ, ಗುತ್ತಿಯ ಬಿಡಾರಕ್ಕೋ?"

ಸಭೆ ತಣ್ಣಗಾಯಿತು. 1967ರಲ್ಲಿ ಬಂದ ಆ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ನಾಯಿಗುತ್ತಿ ಸಿಂಬಾವಿ ಹೆಗ್ಗಡೆಯ ಜೀತದಾಳು. ತನಗೆ ಬೇಕಾದ ಹೆಣ್ಣಿನ ಜೊತೆ ಬದುಕಲು ಅವನು ಓಡಿಹೋಗಬೇಕು, ತುಂಬಿದ ತುಂಗೆಯನ್ನು ದಾಟಬೇಕು, ಬೆನ್ನಿಗಿದ್ದ ಹುಲಿಯ ಎಂಬ ನಾಯಿಯನ್ನು ಆ ನೀರಿಗೆ ಕಳೆದುಕೊಳ್ಳಬೇಕು. ಓದುವಾಗ ನಾವೆಲ್ಲ ಅವನ ಜೊತೆಗೇ ನಡೆಯುತ್ತೇವೆ. ಇರಲು ಹೋಗುವಾಗ ಮಾತ್ರ ಯಾವ ಮನೆ ಖಾಲಿಯಿದೆ ಎಂದು ನೋಡುತ್ತೇವೆ. ಕೇಳಿದವನು ಕುಚೋದ್ಯಕ್ಕೆ ಕೇಳಿದನೋ ಸಿಟ್ಟಿಗೆ ಕೇಳಿದನೋ ಗೊತ್ತಾಗಲಿಲ್ಲ. ಚರ್ಚೆ ಜಗಳವಾಗಿ, ಸಭೆ ಮುಗಿಯಿತು. ಚಹಾದ ದುಡ್ಡು ಕೊನೆಗೆ ನಾನೇ ಕೊಟ್ಟೆ.

ಅವತ್ತು ನನ್ನ ಸರದಿ ಬರಲಿಲ್ಲ. ಬಂದಿದ್ದರೆ ನಾನು ಮೂಡಿಗೆರೆ ಅನ್ನುತ್ತಿದ್ದೆ. ನಕಾಶೆಯಲ್ಲಿರುವ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಬಹುದು, ಅದಕ್ಕೆ ಕಾದಂಬರಿ ಬೇಡ. ನನಗೆ ಬೇಕಾದದ್ದು 1980ರಲ್ಲಿ ಪೂರ್ಣಚಂದ್ರ ತೇಜಸ್ವಿ 'ಕರ್ವಾಲೊ' ಎಂದು ಬರೆದರಲ್ಲ, ಅದರೊಳಗಿನ ಮೂಡಿಗೆರೆ.

ಓದದೇ ಇರುವವರಿಗೆ ಎರಡು ಮಾತು. ಕತೆ ಹೇಳುವವನು ತೋಟದ ತಾಪತ್ರಯಗಳಿಂದ ಬೇಸತ್ತು ಎಲ್ಲ ಮಾರಿ ಹೊರಡಬೇಕೆಂದಿರುವ ಒಬ್ಬ ಕೃಷಿಕ. ಕರ್ವಾಲೊ ಒಬ್ಬ ದೊಡ್ಡ ವಿಜ್ಞಾನಿ. ಮಂದಣ್ಣ ಜೇನು ಹಿಡಿಯುವವನು, ಊರವರ ಲೆಕ್ಕದಲ್ಲಿ ಶುದ್ಧ ಬೆಪ್ಪ. ಆದರೆ ಅವನು ಕಾಡಿನಲ್ಲಿ ಹಾರುವ ಓತಿಯೊಂದನ್ನು ಕಂಡಿದ್ದಾನೆ. ಅದರ ಬೆನ್ನುಹತ್ತಿದ ಕರ್ವಾಲೊಗೆ ಮಂದಣ್ಣನಿಲ್ಲದೆ ಒಂದು ಹೆಜ್ಜೆ ಇಡಲಾಗುವುದಿಲ್ಲ. ಆ ದೊಡ್ಡ ಮನುಷ್ಯ ಈ ಬೆಪ್ಪನ ಮಾತಿಗೆ ಕಿವಿಗೊಟ್ಟು ಕೂರುತ್ತಾರೆ. ಅವನ ಮದುವೆ, ಅವನ ಪೊಲೀಸು ಕೇಸು, ಎಲ್ಲ ವಿಜ್ಞಾನದ ಕೆಲಸದ ಭಾಗವೇ ಆಗಿಬಿಡುತ್ತದೆ. ಕೊನೆಗೆ ನಾಯಿ ಕಿವಿ, ಹುಡುಗ ಪ್ಯಾರ, ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ ಇವರನ್ನೆಲ್ಲ ಕಟ್ಟಿಕೊಂಡು ಕಾಡಿಗೆ ಹೊರಡುತ್ತಾರೆ. ಯಾವ ವಿಶ್ವವಿದ್ಯಾಲಯವೂ ಇಂಥ ತಂಡಕ್ಕೆ ಪ್ರಯಾಣಭತ್ಯೆ ಮಂಜೂರು ಮಾಡಲಾರದು.

ಅಲ್ಲಿ ಜಿಗಣೆ ಉಂಟು, ಮಳೆ ಉಂಟು, ದಿನಕ್ಕೊಂದು ತಂಟೆ ಉಂಟು. ಕಷ್ಟವಿಲ್ಲದ ಊರು ಅಂತ ನಾನು ಅದನ್ನು ಆರಿಸಿದ್ದಲ್ಲ. ಕಾರಣ ಬೇರೆ. ಅದನ್ನು ಸಭೆಯಲ್ಲಿ ಹೇಳುವುದು ನನಗೆ ಕಷ್ಟವಾಗುತ್ತಿತ್ತು, ಬರೆಯುವುದೇ ವಾಸಿ.

ನನ್ನ ಅಪ್ಪಯ್ಯ ಮಾಟುಂಗದ ಒಂದು ಹೋಟೆಲಿನಲ್ಲಿ ಅಡುಗೆಯವರು. ಕುಂದಾಪುರದ ಕಡೆಯಿಂದ ಬಂದವರು, ಮೊದಲು ಲೋಟ ತೊಳೆದು, ಆಮೇಲೆ ರುಬ್ಬುವ ಕಲ್ಲಿಗೆ ಬಂದು, ಆಮೇಲೆ ಒಲೆಗೆ ಬಂದವರು. ಕಾಲೇಜಿನ ಫಾರಮ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು 'ಹೋಟೆಲ್ ಉದ್ಯಮ' ಎಂದು ಬರೆದಿದ್ದೆ. ಸುಳ್ಳಲ್ಲ. ಆದರೆ ಓದಿದವರು ಗಲ್ಲೆಯ ಮೇಲೆ ಕೂತ ಧಣಿಯನ್ನು ಕಲ್ಪಿಸಿಕೊಳ್ಳಲಿ ಎಂಬುದೇ ನನ್ನ ಉದ್ದೇಶವಾಗಿತ್ತು.

ನಾನು ಓದುತ್ತಿರುವುದು ಬಿ.ಎಸ್ಸಿ., ಸೂಕ್ಷ್ಮಜೀವಿ ವಿಜ್ಞಾನ. ಹೊಸದಾಗಿ ಕಲಿತವನ ಹುರುಪು ನಿಮಗೆ ಗೊತ್ತೇ ಇದೆ. ಒಂದು ಭಾನುವಾರ ಮನೆಯಲ್ಲಿ ಇಡ್ಲಿಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿತ್ತು. ನಾನು ಸುಮ್ಮನಿರಬಾರದೆ? ಇದೆಲ್ಲ ಯೀಸ್ಟ್ ಎಂಬ ಜೀವಿಯ ಕೆಲಸ, ಬ್ರೆಡ್ಡಿನಲ್ಲಿ ಆಗುವಂತೆಯೇ, ಎಂದು ಪಾಠ ಶುರುಮಾಡಿದೆ. ಅಪ್ಪಯ್ಯ ಪೂರಾ ಕೇಳಿದರು. ಕೇಳಿ, "ನಿನ್ನ ಜೀವಿ ಎಂತದೋ ನಂಗೆ ಗೊತ್ತಿಲ್ಲ. ಆದ್ರೆ ಅದು ಬರೋದು ಉದ್ದಿನಿಂದ. ಅಕ್ಕಿ ಒಂದೇ ಕಡೆದು ಇಟ್ಟು ನೋಡು, ಬೆಳಿಗ್ಗೆ ಹೇಗಿತ್ತೋ ಹಾಗೇ ಕೂತಿರ್ತದೆ. ಉದ್ದು ಒಂದೇ ಇಡು, ಏಳ್ತದೆ" ಎಂದರು.

ನಾನು ನಕ್ಕೆ. ಹಾಗೆಲ್ಲ ಬೇಳೆ ನೋಡಿಕೊಂಡು ಬರುವುದಿಲ್ಲ, ಸೂಕ್ಷ್ಮಜೀವಿ ಗಾಳಿಯಲ್ಲೂ ಇರುತ್ತದೆ ಎಂದೆ. ಅವರು ವಾದ ಮಾಡಲಿಲ್ಲ. ಅವರಿಗೆ ವಾದ ಬೇಕಿರಲಿಲ್ಲ, ಮರುದಿನ ನಾಲ್ಕು ಗಂಟೆಗೆ ಏಳಬೇಕಿತ್ತು.

ಆರು ತಿಂಗಳಾದ ಮೇಲೆ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತ ಲೈಬ್ರರಿಯಲ್ಲಿ ಕೂತಾಗ 1965ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಸಿಕ್ಕಿತು. ವಿಷಯ ಸಾಕ್ಷಾತ್ ಇಡ್ಲಿಹಿಟ್ಟು! ಹಿಟ್ಟನ್ನು ಉಬ್ಬಿಸುವುದು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಯೀಸ್ಟ್ ಬೇಕೇ ಬೇಕೆಂದಿಲ್ಲ, ಹೊರಗಿನಿಂದ ಹೆಪ್ಪು ಹಾಕಬೇಕಾಗಿಯೂ ಇಲ್ಲ, ಅದು ಬೇಳೆಕಾಳಿನ ಜೊತೆಯಲ್ಲೇ ಪಾತ್ರೆಗೆ ಬರುತ್ತದೆ. ಅದರ ಬೆನ್ನಿಗೆ ಓದಿದ ಬೇರೆ ಬರಹಗಳಲ್ಲಿ, ಹುದುಗಿಗೆ ಬೇಕಾದ ಜೀವಿಗಳಲ್ಲಿ ದೊಡ್ಡ ಪಾಲು ಉದ್ದಿನದು ಎಂದಿತ್ತು. ಆ ಗಾಳಿಯನ್ನು ಹೊರಗೆ ಹೋಗದಂತೆ ಹಿಡಿದಿಡುವ ಅಂಟು ಕೂಡ ಉದ್ದಿನದೇ. ಅಕ್ಕಿಗೆ ಆ ತಾಕತ್ತಿಲ್ಲ.

ಲೈಬ್ರರಿಯ ಫ್ಯಾನಿನ ಕೆಳಗೆ ನನಗೆ ಬೆವರು ಬಂತು.

ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ, ಹೋಟೆಲ್ ಅಡುಗೆಯವರನ್ನು ಕೇಳಿ ಪಟ್ಟಿ ಮಾಡುತ್ತೇನೆ ಎಂದು ಒಬ್ಬ ಗುರುಗಳ ಬಳಿ ಹೋದೆ. ಅವರು ಒಳ್ಳೆಯವರೇ. ಹಿಟ್ಟು ಬೇಕಾದರೆ ತಾ, ಪರೀಕ್ಷಿಸೋಣ, ಅಡುಗೆಯವರ ಮಾತು ಬರೆದು ಏನು ಮಾಡುತ್ತೀ, ಅದು ದತ್ತಾಂಶವಲ್ಲ ಎಂದರು. ಅವರನ್ನು ದೂರುವ ಬಾಯಿ ನನಗಿಲ್ಲ. ನಾನೂ ಅದನ್ನೇ ಅಲ್ಲವೆ ನಕ್ಕು ಹೇಳಿದ್ದು?

ಆ ಹೊತ್ತಿಗೆ ಸರಿಯಾಗಿ 'ಕರ್ವಾಲೊ' ಮತ್ತೆ ಓದಿದೆ. ಮೊದಲನೆಯ ಸಲ ಹೈಸ್ಕೂಲಿನಲ್ಲಿ ಓದಿದಾಗ ನಾನು ಕರ್ವಾಲೊ ಆಗಿದ್ದೆ. ದೊಡ್ಡ ವಿಜ್ಞಾನಿಯಾಗಿ, ಕಾಡಿಗೆ ಹೋಗಿ, ಇಂಥ ಒಬ್ಬ ಮಂದಣ್ಣನನ್ನು ನಾನೂ ಕಂಡುಹಿಡಿಯುತ್ತೇನೆ ಅಂದುಕೊಂಡಿದ್ದೆ. ಈ ಸಲ ಓದುವಾಗ ನಾನು ಯಾರೆಂಬುದು ತಿಳಿಯಿತು. ಮಂದಣ್ಣ ಏನಾದರೂ ಹೇಳಿದರೆ ಹಲ್ಲುಕಿರಿಯುವ ಊರವರ ಗುಂಪು ಒಂದು ಇದೆಯಲ್ಲ, ಅದರಲ್ಲಿ ಮೂರನೆಯ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಮಂದಣ್ಣನಿಗಾಗಿ ಕಾಡಿಗೆ ಹೋಗಬೇಕಾಗಿಯೂ ಇರಲಿಲ್ಲ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ.

ಆಮೇಲೆ ನಾನು ಕೇಳಲು ಶುರುಮಾಡಿದೆ. ಒಂದು ನೋಟುಪುಸ್ತಕ ಇಟ್ಟೆ. ರುಬ್ಬಿದ್ದು ಸಾಕೋ ಎಂದು ನೋಡಲು ಉದ್ದಿನ ಹಿಟ್ಟಿನ ಒಂದು ಚೂರನ್ನು ನೀರಿಗೆ ಬಿಡುತ್ತಾರೆ, ತೇಲಿದರೆ ಸಾಕು. ಹಳೆಯ ಬೇಳೆಯಾದರೆ ಏಳುವುದಿಲ್ಲ, ಅದಕ್ಕೆ ಪ್ರಮಾಣ ಹೆಚ್ಚಿಸಬೇಕು. ಮೇ ತಿಂಗಳಲ್ಲಿ ರುಬ್ಬುವಾಗ ಐಸ್ ನೀರು, ಇಲ್ಲವಾದರೆ ಕಲ್ಲಿನ ಬಿಸಿಗೇ ಹಿಟ್ಟು ಕೆಡುತ್ತದೆ. ಜನವರಿಯಲ್ಲಿ ಮುಂಬಯಿಗೆ ನಾಲ್ಕು ದಿನ ಚಳಿ ಬರುತ್ತದಲ್ಲ, ಆಗ ಡಬರಿಯನ್ನು ಬಾಯ್ಲರಿನ ಪಕ್ಕಕ್ಕೆ ಸರಿಸಬೇಕು, ಆದರೆ ತಾಗಿಸಬಾರದು. ಎಷ್ಟು ದೂರ ಎಂದು ಕೇಳಿದೆ. ಅಪ್ಪಯ್ಯ ಅಂಗೈ ಹಿಡಿದು ತೋರಿಸಿದರು. ಸೆಂಟಿಮೀಟರಿನಲ್ಲಿ ಅಲ್ಲ, ಕೈಗೆ ಸೆಕೆ ತಾಗುವ ಕಡೆ. ಇದನ್ನು ನೋಟುಪುಸ್ತಕದಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಅಂಗೈಯ ಚಿತ್ರ ಬರೆದಿಟ್ಟಿದ್ದೇನೆ.

ಅಕ್ಕಿಯ ಹಿಟ್ಟನ್ನೂ ಉದ್ದಿನ ಹಿಟ್ಟನ್ನೂ ಎರಡು ಸ್ಟೀಲ್ ಡಬ್ಬಿಯಲ್ಲಿ ಬೇರೆಬೇರೆ ಇಟ್ಟು ನೋಡಿದೆ. ಬೆಳಿಗ್ಗೆ ಏನಾಗಿತ್ತೆಂದು ಬರೆಯಬೇಕಾಗಿಲ್ಲ ತಾನೆ?

ಪ್ರಬಂಧದ ವಿಷಯವನ್ನು ಅಪ್ಪಯ್ಯನಿಗೆ ಹೇಳಿದೆ. ನೀವು ಹೇಳಿದ್ದೇ ಸರಿ, ಅಮೆರಿಕದಲ್ಲಿ ಅಚ್ಚಾಗಿದೆ, ಎಂದೆ. ದೊಡ್ಡ ಸುದ್ದಿ ಕೊಟ್ಟವನಂತೆ ಮುಖ ನೋಡಿದೆ. "ಹೌದಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಹಿಟ್ಟು ಏಳ್ತದಾ, ಆ ಚಳಿಗೆ?" ಎಂದರು. ಅಷ್ಟೇ. ನನ್ನ ಪಶ್ಚಾತ್ತಾಪಕ್ಕೆ ಅವರ ಕಡೆಯಿಂದ ಯಾವ ಸಹಕಾರವೂ ಸಿಗಲಿಲ್ಲ.

ಅದಕ್ಕೇ ನನಗೆ ಆ ಮೂಡಿಗೆರೆ ಬೇಕು. ಅಲ್ಲಿ ಕರ್ವಾಲೊ ಎಂಬ ಮನುಷ್ಯ ಇದ್ದಾರೆ. ಮಾಟುಂಗದ ಹೋಟೆಲಿನ ಹಿಂಬಾಗಿಲಿಗೆ ಅವರು ಬಂದು, ಎಣ್ಣೆ ಜಿಡ್ಡಿನ ಸ್ಟೂಲ್ ಎಳೆದು ಕೂತು, ಅಪ್ಪಯ್ಯ ಹೇಳಿದ್ದನ್ನು ಕೇಳಿಯಾರು. ಈ ಊರಿನಲ್ಲಿ ಅವರಿಲ್ಲ. ಇದ್ದರೂ ಹಿಂಬಾಗಿಲ ದಾರಿ ಅವರಿಗೆ ಯಾರು ಹೇಳುತ್ತಾರೆ? ಹೇಳಬೇಕಾದವನು ಫಾರಮ್ಮಿನಲ್ಲಿ 'ಹೋಟೆಲ್ ಉದ್ಯಮ' ಎಂದು ಬರೆದು ಕೂತಿದ್ದಾನೆ.

ಕಳೆದ ಗಣೇಶನ ಹಬ್ಬಕ್ಕೆ ಹೋಟೆಲಿಗೆ ಎರಡು ದಿನ ರಜೆ. ಮಳೆ ಹಿಡಿದುಬಿಟ್ಟಿತ್ತು. ಅಪ್ಪಯ್ಯನ ಕಣ್ಣಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲವಾದ್ದರಿಂದ ನಾನೇ 'ಕರ್ವಾಲೊ' ಓದಿ ಹೇಳಿದೆ. ಪ್ಯಾರನ ಮಾತಿಗೆ ಜೋರಾಗಿ ನಕ್ಕರು. ಜೇನು ಹಿಡಿಯುವ ಸಂಗತಿ ಬಂದಾಗ ಗಂಭೀರವಾಗಿ ತಲೆಯಾಡಿಸಿದರು. ಹಾರುವ ಓತಿಯ ಪ್ರಸ್ತಾಪ ಬಂದಲ್ಲಿ ನಾನು ನಿಲ್ಲಿಸಿ, ಇದು ಬರೀ ಕಟ್ಟುಕತೆ ಅಲ್ಲ, ನಿಜವಾಗಿಯೂ ಇದೆ, ಪಕ್ಕೆಲುಬುಗಳು ಉದ್ದಕ್ಕೆ ಬೆಳೆದು ಅವುಗಳ ಮೇಲೆ ಚರ್ಮ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ, 1837ರಲ್ಲೇ ಅದಕ್ಕೆ ಡ್ರಾಕೊ ಡುಸ್ಸುಮಿಯೇರಿ ಎಂದು ಹೆಸರಿಟ್ಟಿದ್ದಾರೆ ಎಂದೆಲ್ಲ ವಿವರಿಸಿದೆ. ಚಾಳಿ ಬಿಡುವುದಿಲ್ಲ ನೋಡಿ.

"ಓ, ಅದಾ? ನಮ್ಮ ಧಣಿಗಳ ಅಡಿಕೆ ತೋಟದಲ್ಲಿ ಇತ್ತಲ್ಲ. ಒಂದು ಮರದಿಂದ ಇನ್ನೊಂದು ಮರಕ್ಕೆ ಜಾರ್ತದೆ. ಗಂಡಿಗೆ ಕುತ್ತಿಗೆ ಕೆಳಗೆ ಹಳದಿ ಚೀಲ. ಇರುವೆ ತಿಂತದೆ" ಎಂದರು ಅಪ್ಪಯ್ಯ.

ನಾನು ಪುಸ್ತಕ ಹಿಡಿದುಕೊಂಡು ಬಾಯಿ ತೆರೆದು ಕೂತೆ. ಮಂದಣ್ಣ ಕೂಡ ಹೀಗೇ, ಇದರಲ್ಲೇನು ದೊಡ್ಡ ವಿಷಯ ಎಂಬಂತೆ ಹೇಳಿದವನು. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀ ಕೇಳಿದ್ಯಾ?" ಎಂದರು.

ಎರಡನೆಯ ದಿನ ಸಂಜೆಗೆ ಪುಸ್ತಕ ಮುಗಿಯಿತು. ಓತಿ ಎಲ್ಲರ ಕಣ್ಣೆದುರಿಗೇ ಆ ದೊಡ್ಡ ಕಣಿವೆಯ ಮೇಲೆ ತೇಲಿ ಹೋಗುವ ಭಾಗವನ್ನು ನಾನು ಬಹಳ ಚೆನ್ನಾಗಿ ಓದಿದೆ ಎಂದೇ ನನ್ನ ಅಭಿಪ್ರಾಯ. ನನಗೇ ಗಂಟಲು ಕಟ್ಟಿತ್ತು. ಅಪ್ಪಯ್ಯ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಏನೋ ದೊಡ್ಡ ಮಾತು ಬರುತ್ತದೆಂದು ನಾನು ಕಾದೆ.

"ಅಲ್ಲ ಮಾರಾಯ, ಅವ ಕೇಳಿದ್ದ ಪ್ಯೂನ್ ಕೆಲಸ ಸಿಕ್ಕಿತಾ ಅವನಿಗೆ?"

ಮೂರು ಸಲ ಓದಿದ್ದೇನೆ. ಓತಿಯ ರೆಕ್ಕೆಯ ಬಣ್ಣ ಕಣ್ಣಿಗೆ ಕಟ್ಟಿದಂತಿದೆ. ಕೆಲಸದ ಮಾತು ಎಲ್ಲಿಗೆ ಬಂದು ನಿಂತಿತೆಂದು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ಅದು ನನಗೆ ಮುಖ್ಯ ಎಂದು ಒಂದು ಸಲವೂ ಅನಿಸಿರಲಿಲ್ಲ.

"ತಡೀರಿ, ನೋಡಿ ಹೇಳ್ತೇನೆ" ಎಂದು ಮತ್ತೆ ಮೊದಲ ಪುಟ ತೆಗೆದೆ. ಅಪ್ಪಯ್ಯ ಉದ್ದು ನೆನೆಹಾಕಲು ಎದ್ದರು.