ಹಾಡಿಲ್ಲದ ಕ್ಯಾಸೆಟ್ಟು

1986ರಲ್ಲಿ ಇಳಯರಾಜರ ‘ಹೌ ಟು ನೇಮ್ ಇಟ್’ ಬಂತು. ಸಿನಿಮಾ ಇಲ್ಲ, ಹಾಡಿಲ್ಲ, ಬರೀ ವಾದ್ಯ. ತ್ಯಾಗರಾಜರಿಗೂ ಬಾಖ್‌ಗೂ ಅರ್ಪಣೆ. ಬೆಂಗಳೂರಲ್ಲಿ ಗಾರೆ ಕೆಲಸಕ್ಕಿದ್ದ ನಮ್ಮಪ್ಪನ ಗೆಣೆಕಾರರು ಕೂಲಿ ದುಡ್ಡು ಕೂಡಿಸಿ ಕ್ಯಾಸೆಟ್ಟು ತಂದರಂತೆ. ‘ನಮ್ ರಾಜ ಅಯ್ನೋರ ಮನೆ ಸೇರ್ಕಂಡ ಕಣ್ಲಾ’ ಅಂತ ಒಬ್ಬ ಬೈದನಂತೆ. ಬೈಗುಳದಲ್ಲಿ ಸಂಕಟವಿತ್ತು. ಪನ್ನೈಪುರದ ದಲಿತ ಮನೆಯಲ್ಲಿ ಹುಟ್ಟಿ, ಅಣ್ಣ ಪಾವಲರ್ ವರದರಾಜನ್ ಜೊತೆ ಕಮ್ಯುನಿಸ್ಟ್ ವೇದಿಕೆಗಳನ್ನು ಸುತ್ತಿದವನು ಕೈಬಿಟ್ಟು ಹೋದ ಅನ್ನೋ ಸಂಕಟ.

ಈಗ ಗಾಳಿ ತಿರುಗಿದೆ. ನನ್ನ ಜೊತೆ ಓದಿದವರು, ಅವರು ಮಾಡಿದ್ದರಲ್ಲೆಲ್ಲ ಇದೇ ಶ್ರೇಷ್ಠ ಅಂತಾರೆ. ಯಾಕ್ರಪ್ಪಾ ಅಂದ್ರೆ, ಬಾಖ್ ಇದಾನಲ್ಲ! ಈ ಹೊಗಳಿಕೆ ನನಗೆ ಆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತೆ. 1976ರ ‘ಅನ್ನಕ್ಕಿಳಿ’ಯ ಹಳ್ಳಿ ಮಟ್ಟನ್ನು ಕೆಳಗಿಟ್ಟು ಪಿಟೀಲನ್ನು ಮೇಲಿಡೋ ಈ ಅಳತೆಗೋಲು ಯಾರದು? ಕೇಳಿ ನೋಡಿ: ವಿ.ಎಸ್. ನರಸಿಂಹನ್ ಪಿಟೀಲು ಓಡ್ತಿದ್ದರೆ ಅಡಿಯಿಂದ ಬೇರೆ ತಂತಿಗಳು ಎದುರು ಮಾತಾಡ್ತಾವೆ. ಯಾವುದೂ ಇನ್ನೊಂದಕ್ಕೆ ಆಳಲ್ಲ.

ಮೊನ್ನೆ ಯಾರ ಹೆಸರೂ ಹೇಳದೆ ಹಾಸ್ಟೆಲ್ ಹುಡುಗರಿಗೆ ಕೇಳಿಸ್ದೆ. ಹಿಂದಿನ ಸಾಲಿನವನೊಬ್ಬ ತಟ್ಟೆ ಬೋರಲು ಹಾಕಿ, ತಮಟೆ ಏಟು ಕೂಡಿಸೋಕೆ ಶುರು ಮಾಡ್ದ.